ಎರಡೇ ಬಾಗಿಲು

ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ
ಅಪ್ಪ ಅಂಚು ಉಜ್ಜುತ್ತಿದ್ದ.
ದಿನಕ್ಕೆ ಮುನ್ನೂರು ಪುಟ್ಟ ಗಾಜು, ಮೊಟ್ಟೆಯಾಕಾರ,
ನಮ್ಮ ಬೀದಿಯಲ್ಲಿ ಯಾರೂ ಕೊಳ್ಳಲಾಗದ ಕಾರಿನ
ಹಿಂಗೆನ್ನೆಗೆ ಕೂರಿಸಲು.
ಅದಕ್ಕೆ ಆಪೆರಾ ಕಿಟಕಿ ಅಂತ ಹೆಸರು.
ಅಪ್ಪ ಆಪೆರಾ ಕಂಡವನಲ್ಲ.
ಸಂಜೆ ಬಂದು ಬೆರಳ ತುದಿ ಬಿಸಿನೀರಲ್ಲಿ ಅದ್ದಿ
'ಇವತ್ತೂ ಮುನ್ನೂರು' ಅನ್ನುವನು,
ಅಷ್ಟೂ ನೆಂಟರು ಉಂಡು ಹೋದ ಹಾಗೆ.

ನಮ್ಮದು ಸ್ಟೇಷನ್ ವ್ಯಾಗನ್.
ಮೈಗೆ ಮರದ ಹಾಳೆ, ಮರವಲ್ಲ, ಮರದ ಚಿತ್ರ;
ಮೂಲೆಯಲ್ಲಿ ಎದ್ದದ್ದನ್ನು ಆರ್ಪಾಡ್
ಗಾಯದ ಹೊಪ್ಪಳೆಯಂತೆ ಕೀಳುತ್ತಿದ್ದ.
ಕೊನೆಯ ಸೀಟು ನನ್ನದು, ಹಿಮ್ಮುಖ.
ಹೋಗುವ ಊರು ಗೊತ್ತಾಗುತ್ತಿದ್ದುದು ಬಂದ ಮೇಲೆ,
ಕಾಣುತ್ತಿದ್ದುದೆಲ್ಲ ಬಿಟ್ಟದ್ದೇ.
ಅದರಲ್ಲಿ ಏನು ಹಿಡಿಸುತ್ತಿರಲಿಲ್ಲ!
ಅಜ್ಜಿ, ಅಜ್ಜಿಯ ಹುಳಿಕೋಸಿನ ಜಾಡಿ,
ಚರ್ಚಿನ ಮಡಚುವ ಕುರ್ಚಿಗಳು;
ಒಮ್ಮೆ ಪಕ್ಕದ ಮನೆಯ ಶವಪೆಟ್ಟಿಗೆಗೂ ಅಳತೆ ನೋಡಿದ್ದರು.

ಎಪ್ಪತ್ತಾರರ ಅಕ್ಟೋಬರಿನ ಒಂದು ಶನಿವಾರ
ಶೋರೂಮಿನ ದೀಪದಡಿ ಅದು ನಿಂತಿತ್ತು.
ಒಣದ್ರಾಕ್ಷಿ ಬಣ್ಣ. ಮೂಗೇ ಅರ್ಧ ಕಾರು.
ವೆಲ್ವೆಟ್ಟಿಗೆ ಗುಂಡಿ ಹೊಲಿದಿದ್ದರು, ಸೋಫಾಕ್ಕೆ ಹೊಲಿದಂತೆ.
ಬಾಗಿಲು ಎರಡೇ,
ಒಂದೊಂದೂ ಹೊಸ್ತಿಲು ಬೇಡುವಷ್ಟು ದೊಡ್ಡದು.
ಅಪ್ಪ ಬೇರೇನೂ ಮುಟ್ಟಲಿಲ್ಲ.
ತಾನು ಉಜ್ಜಿದ ಅಂಚನ್ನೆಲ್ಲ
ಕ್ರೋಮ್ ಪಟ್ಟಿ ನುಂಗಿಬಿಟ್ಟಿತ್ತು.
ಆದರೂ ಹೆಬ್ಬೆರಳು ಸುತ್ತ ಆಡಿಸಿ ತಲೆದೂಗಿದ.

ಅಮ್ಮ ಹೊಲಿಗೆಯವಳು. ಕೈಚೀಲದಿಂದ ಟೇಪು ತೆಗೆದಳು.
ಹಿಂದಿನ ಸೀಟು, ಮೊಣಕಾಲಿನ ಸಂದು, ಡಿಕ್ಕಿಯ ಆಳ,
ಅಳೆದೂ ಸುರಿದೂ
ನನ್ನ ಅಂಗೈ ಮೇಲೆ ಬರೆದಳು.
ಮಾರುವವನು, ಲವಂಗದ ವಾಸನೆಯವನು,
'ಇದು ಅಳೆಯುವ ಕಾರಲ್ಲ, ಮೇಡಂ' ಎಂದ.
'ಮಕ್ಕಳು ಬೆಳೆಯುವಂಥವು' ಎಂದಳು.

ಆಮೇಲೆ, ಯಾಕೋ, ಮುಂದೆ ಕೂತಳು.
ಬಾಗಿಲೆಳೆದಳು.
ಆ ಸದ್ದು!
ವ್ಯಾಗನ್ನಿನದು ತಗಡಿನ ಕೆಮ್ಮು.
ಇದು ಹಿಟ್ಟಿನ ಮೂಟೆಯನ್ನು ಹಾಸಿಗೆಗೆ ಇಳಿಸಿದಂತೆ.
ಗಾಜಿನಾಚೆ ನಾವು ಬಾಯಿ ಬಡಿದುಕೊಳ್ಳುತ್ತಿದ್ದೆವು,
ಆರ್ಪಾಡನಿಗೆ ಉಚ್ಚೆ, ಕಿರಿಯವಳಿಗೆ ಹಸಿವು.
ಅವಳಿಗೆ ಒಂದೂ ಕೇಳಲಿಲ್ಲ.
ಎರಡೂ ಕೈ ಸ್ಟೀರಿಂಗಿನ ಮೇಲೆ. ಎಷ್ಟು ಹೊತ್ತೋ.
ಇಳಿದಾಗ ಮುಖ ಕೆಂಪಗಿತ್ತು.
'ಕುಂಬಳಕಾಯಿ ಹಿಡಿಸಲ್ಲ' ಎಂದಳು.
ಅಷ್ಟೇ. ವ್ಯಾಗನ್ನಿಗೆ ಹೊಸ ಟೈರು ಹಾಕಿಸಿದೆವು.

ಆ ಫ್ಯಾಷನ್ ಸಾಯುವ ತನಕ ಅಪ್ಪ ಉಜ್ಜಿದ.
ಆಮೇಲೆ ಬಸ್ಸಿನ ಗಾಜು.
ಆಮೇಲೆ ಅಪ್ಪನೇ ಇಲ್ಲ.

ಅರವತ್ತೊಂಬತ್ತಕ್ಕೆ ಪಿರೋಶ್ಕಾ, ನಮ್ಮಮ್ಮ,
ಯಾರನ್ನೂ ಕೇಳದೆ,
ಮೌಮಿ ನದಿಯಾಚೆ ವಿಧುರನೊಬ್ಬನ ಗ್ಯಾರೇಜಿಂದ
ಅದನ್ನೇ ತಂದಳು. ಅದೇ ವರ್ಷದ್ದು, ಬಣ್ಣ ಬೆಣ್ಣೆಯದು,
ಚಕ್ರದ ಕಮಾನಿಗೆ ತುಕ್ಕಿನ ಜರಿಯಂಚು.
ಅದು ಕುಡಿಯುವ ಪೆಟ್ರೋಲಿಗೆ ಆನೆ ಸಾಕಬಹುದೆಂದು
ಆರ್ಪಾಡ್ ಫೋನಿನಲ್ಲೇ ಲೆಕ್ಕ ಹಾಕಿದ.
ನಾನು ವ್ಯಾನಿನಲ್ಲಿ ಹೋದೆ, ಜಾರುಬಾಗಿಲಿನದು,
ಸೀಟಿನ ಸಂದಿಯಲ್ಲೆಲ್ಲ ಬಿಸ್ಕತ್ತಿನ ಪುಡಿ,
ಒಂಟಿ ಕಾಲುಚೀಲ, ನಾಲ್ಕು ಮಕ್ಕಳು.
'ಅಮ್ಮಾ, ಇಬ್ಬರನ್ನಾದರೂ
ಸರೋವರದ ತನಕ ಕರಕೊಂಡು ಹೋಗು.'
'ಹಿಂದೆ ಜಾಗ ಇಲ್ಲ' ಎಂದಳು,
ಅವಳ ಬಾಯಲ್ಲಿ ನಾನೆಂದೂ ಕೇಳಿರದ ಸುಖದಲ್ಲಿ.

ಜಾಗವಿತ್ತು. ಆ ಸಂಖ್ಯೆ
ನನ್ನ ಅಂಗೈಗೆ ಇನ್ನೂ ಬಾಯಿಪಾಠ:
ಚಿಕ್ಕವರು ಇಬ್ಬರು,
ಮೊಣಕಾಲು ಮಡಚಿದರೆ ಮೂವರು.
ನಾನು ಹೇಳಲಿಲ್ಲ.

ಫ್ರಂಟ್ ಸ್ಟ್ರೀಟಿನ ಕೆಂಪು ದೀಪದಲ್ಲಿ ಪಕ್ಕ ನಿಂತಾಗ
ಮೊಟ್ಟೆಗಾಜಿನಲ್ಲಿ ಖಾಲಿ ಹಿಂಸೀಟು, ಅದರಾಚೆ
ಅವಳ ಕಿವಿ, ಒಂದು ಓಲೆ.
ತುಟಿ ಅಲ್ಲಾಡುತ್ತಿತ್ತು.
ಹಾಡೋ, ಅಪ್ಪನ ಜೊತೆ ಜಗಳವೋ.
'ಅಜ್ಜಿ ಎಲ್ಲಿಗೆ ಹೋಗ್ತಿದಾಳೆ?'
ಕಿರಿಯವನು ನನ್ನ ಸೀಟಿಗೆ ಒದೆಯುತ್ತಿದ್ದ.
ದೀಪ ಹಸಿರಾಯಿತು.
ಮೊದಲು ಮೂಗು ಹೋಯಿತು.
ಎಷ್ಟೋ ಹೊತ್ತಿನ ಮೇಲೆ, ಉಳಿದ ಕಾರು.